ಹಳೆಯ ಕತ್ತಿಯ ಮೈಬಣ್ಣ

ಬೆಟ್ಟದಪುರದಿಂದ ಪಶ್ಚಿಮಕ್ಕೆ ಕೆಲವು ಹರಿದಾರಿ ಸಾಗಿದರೆ ಕೊಡಗಿನ ಸೀಮೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವವರೆಗೂ ಇದು ಎರಡು ರಾಜ್ಯಗಳ ಗಡಿನಾಡಾಗಿದ್ದಿತು. ಗಡಿಯೆಂದ ಮೇಲೆ ಕಾಳಗ. ಕಾಳಗವೆಂದ ಮೇಲೆ ಕತ್ತಿ. ಪ್ರಾಚೀನ ಆಯುಧಗಳನ್ನು ಸಂಗ್ರಹಿಸುವವರು ಈ ಕಡೆ ವಿಶೇಷವಾಗಿ ಅರಸುವುದು ಕೊಡವರ ಒಡಿಕತ್ತಿ ಮತ್ತು ಪೀಚೆಕತ್ತಿಗಳನ್ನು.

ಒಡಿಕತ್ತಿಯ ಅಲಗು ಅಗಲವಾಗಿ ಮುಂದಕ್ಕೆ ಬಾಗಿದೆ. ಹರಿತವಿರುವುದು ಬಾಗಿನ ಒಳಮಗ್ಗುಲಲ್ಲಿ. ತೂಕವು ತುದಿಯ ಕಡೆಗೆ ಹೆಚ್ಚಾಗಿರುವುದರಿಂದ ಬೀಸಿದಾಗ ಅದು ಕೊಡಲಿಯಂತೆ ಕೆಲಸಮಾಡುತ್ತದೆ. ಇದಕ್ಕೆ ಒರೆಯಿಲ್ಲ, ಯೋಧನು ಬೆನ್ನ ಹಿಂದೆ ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸಿಕೊಳ್ಳುತ್ತಿದ್ದನು. ಚಿಕ್ಕದಾದ ಪೀಚೆಕತ್ತಿಯು ಬೆಳ್ಳಿ ಕಟ್ಟಿದ ಒರೆಯೊಡನೆ ಸೊಂಟದಲ್ಲಿರುತ್ತದೆ. ಇಂದಿಗೂ ಅದು ಕೊಡವ ಮದುಮಗನ ಉಡುಪಿನ ಅಂಗ.

ಇಂಥ ಕತ್ತಿ ಕೈಸೇರಿದೊಡನೆ ಹುಣಸೆಹುಳಿ, ಇಟ್ಟಿಗೆಪುಡಿಗಳಿಂದ ಉಜ್ಜಿ ಬೆಳಗಿಸುವ ಆಸೆ ಸಹಜವಾದುದು. ಆದರೆ ಹಾಗೆ ಉಜ್ಜುವುದೆಂದರೆ ಬರೆದ ಓಲೆಯನ್ನು ತೊಳೆದಂತೆಯೇ ಸರಿ.

ಏಕೆಂದರೆ ತುಕ್ಕೆಲ್ಲವೂ ಒಂದೇ ಬಗೆಯದಲ್ಲ. ಕಬ್ಬಿಣವು ತೇವ ಹಾಗೂ ಆಮ್ಲಜನಕಗಳೊಡನೆ ಸೇರಿ ಆಗುವ ಕೆಂಪು ತುಕ್ಕು ಸಡಿಲವಾದುದು. ಅದು ಉದುರಿದಂತೆಲ್ಲ ಒಳಗಿನ ಲೋಹವೂ ಸವೆಯುತ್ತದೆ. ಕಾಲಕ್ರಮದಲ್ಲಿ ಅಲಗಿಗೆ ಗಟ್ಟಿಯಾಗಿ ಅಂಟಿಕೊಂಡ ಕಪ್ಪು ಪೊರೆಯಾದರೋ ಲೋಹಕ್ಕೆ ತಕ್ಕಮಟ್ಟಿಗೆ ಕವಚವಾಗಿರುತ್ತದೆ. ಕಮ್ಮಾರನ ಅರದ ಗೆರೆಗಳು, ಪೆಟ್ಟಿನ ಕಚ್ಚುಗಳು, ಮಸೆದು ಸವೆದ ಅಂಚು, ಇವೆಲ್ಲ ಉಳಿದಿರುವುದು ಆ ಮೇಲ್ಮೈಯಲ್ಲಿಯೇ.

ಅಲಗು ಯಾವ ಉಕ್ಕಿನದೆಂಬುದೂ ಮುಖ್ಯ ಪ್ರಶ್ನೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಬ್ಬಿಣವನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುವ ಕ್ರಮವನ್ನು ವರ್ಣಿಸಿದ್ದಾನೆ. 1819ರಲ್ಲಿ ಮೈಕೇಲ್ ಫ್ಯಾರಡೆ ಭಾರತದ ಈ ಮೂಸೆಯ ಉಕ್ಕನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯೂಮಿನಿಯಮ್ ಕಾರಣವೆಂದು ಊಹಿಸಿದನು. ನಿಜವಾದ ಕಾರಣ ಇಂಗಾಲ: ಅದು ಇಂಥ ಉಕ್ಕಿನಲ್ಲಿ ಸುಮಾರು ಶೇಕಡ 1ರಿಂದ 2ರಷ್ಟಿರುತ್ತದೆ. ಇಂಗಾಲವು ಕಬ್ಬಿಣದೊಡನೆ ಕೂಡಿದ ಕಾರ್ಬೈಡಿನ ಕಣಗಳು ಸಾಲುಗೂಡಿದ ಅಲಗಿಗೆ ದುರ್ಬಲ ಆಮ್ಲವನ್ನು ಸೋಕಿಸಿದರೆ ನೀರಿನ ಅಲೆಗಳಂಥ ವಿನ್ಯಾಸವು ಮೂಡುತ್ತದೆ. ಈ ಪರೀಕ್ಷೆ ಪ್ರಯೋಗಶಾಲೆಯಲ್ಲಿ ಬಲ್ಲವರಿಂದಲೇ ಆಗತಕ್ಕದ್ದು.

ಮನೆಯಲ್ಲಿ ಮಾಡಬೇಕಾದುದು ಸ್ವಲ್ಪವೇ. ಬೆವರಿನ ಉಪ್ಪು ಸೋಕದಂತೆ ಕೈಗವಸು ಧರಿಸಿ, ಒಣಬಟ್ಟೆಯಿಂದ ಒರಸಿ, ಆಮ್ಲವಿಲ್ಲದ ಖನಿಜತೈಲವನ್ನು ತೆಳುವಾಗಿ ಸವರಬೇಕು. ತೊಗಲಿನ ಒರೆಯೊಳಗೆ ತೇವ ನಿಲ್ಲುವುದರಿಂದ ಅಲಗನ್ನು ಹೊರಗಿಡುವುದು ಮೇಲು. ಎಲ್ಲಿ, ಯಾವ ಮನೆತನದಿಂದ ದೊರೆಯಿತೆಂಬುದನ್ನು ಬರೆದಿಡಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಥಳಥಳಿಸುವ ಕತ್ತಿಯನ್ನು ಇಂದಿನ ಕಮ್ಮಾರನೂ ಮಾಡಬಲ್ಲನು. ಇನ್ನೂರು ವರ್ಷಗಳ ಕಪ್ಪನ್ನು ಮಾತ್ರ ಯಾರೂ ಮರಳಿ ತರಲಾರರು.