ದೊಡ್ಡರೋಗದ ದಾಯಾದಿಗಳು

ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾದದ್ದು ಮುಖ್ಯವಾಗಿ ದನಗಳ ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟ್‌ನ, ಹಾವಳಿ ತಡೆಯಲು. ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ. ರೋಗ ಹೊಕ್ಕಿತೆಂದರೆ ವಾರ, ಹತ್ತು ದಿನದಲ್ಲಿ ಕೊಟ್ಟಿಗೆ ಖಾಲಿ.

ಅದು ಕೊಟ್ಟಿಗೆಯಲ್ಲಿ ನಿಲ್ಲುವ ವೈರಸ್ ಆಗಿರಲಿಲ್ಲ. 1968ರಲ್ಲಿ ಬಂಡೀಪುರ, ಮುದುಮಲೆ ಕಾಡುಗಳಲ್ಲಿ ಕಾಟಿಗಳೂ ಅದಕ್ಕೆ ಬಲಿಯಾದವು. ಕಾಡಂಚಿನಲ್ಲಿ ಮೇಯುವ ದನ, ಕಾಟಿ ಎರಡಕ್ಕೂ ಹುಲ್ಲು ಒಂದೇ, ನೀರೂ ಒಂದೇ. ದನದ ಮೂಗಿನ ಸಿಂಬಳ ಬಿದ್ದ ಜಾಗಕ್ಕೆ ಕಾಟಿ ಮೂತಿ ಇಟ್ಟರೂ ಸಾಕು.

ದೇಹದೊಳಗಿನ ದಾರಿಯೂ ಅಷ್ಟೇ ಸಲೀಸು. ಈ ವೈರಸ್ ಮೊದಲು ಹಿಡಿಯುವುದು ರೋಗನಿರೋಧಕ ಕೋಶಗಳ ಮೇಲಿನ ಒಂದು ಪ್ರೋಟೀನನ್ನು. ದನ, ಕಾಟಿಯಂಥ ಹತ್ತಿರದ ಬಳಗದ ಪ್ರಾಣಿಗಳಲ್ಲಿ ಅದರ ಆಕಾರ ಹೆಚ್ಚುಕಡಿಮೆ ಒಂದೇ ತರಹ. ಮೇಲಾಗಿ ಇದು ಆರ್‌ಎನ್‌ಎ ವೈರಸ್. ನಕಲಾಗುವಾಗ ನುಸುಳಿದ ತಪ್ಪು ತಿದ್ದಿಕೊಳ್ಳುವುದಿಲ್ಲ. ಅಂಥ ತಪ್ಪುಗಳಲ್ಲೇ ಯಾವುದೋ ಒಂದು ವೈರಸ್ಸನ್ನು ಹೊಸ ಪ್ರಾಣಿಗೆ ಹೊಂದಿಸಿಬಿಡಬಹುದು.

ಮನುಷ್ಯರ ದಡಾರ ಬಂದದ್ದೂ ಹೀಗೆಯೇ. 1912ರಲ್ಲಿ ಬರ್ಲಿನ್‌ನಲ್ಲಿ ದಡಾರದಿಂದ ಸತ್ತ ಮಗುವಿನ ಶ್ವಾಸಕೋಶವನ್ನು ಫಾರ್ಮಾಲಿನ್‌ನಲ್ಲಿ ಇಟ್ಟಿದ್ದರು. ಅದರಲ್ಲಿದ್ದ ವೈರಸ್ಸಿನ ಜೀನೋಮ್ ಓದಿದ ವಿಜ್ಞಾನಿಗಳು 2020ರಲ್ಲಿ ಒಂದು ಲೆಕ್ಕ ಕೊಟ್ಟರು: ದಡಾರವೂ ದೊಡ್ಡರೋಗವೂ ಕವಲೊಡೆದದ್ದು ಬಹುಶಃ ಕ್ರಿ.ಪೂ. 6ನೇ ಶತಮಾನದಲ್ಲಿ. ದೊಡ್ಡ ಊರುಗಳು ತಲೆಯೆತ್ತಿದ ಕಾಲವದು. ಸೋಂಕು ಆರದೆ ಉಳಿಯಲು ಬೇಕಾದಷ್ಟು ಜನ ಒಂದೆಡೆ ಸೇರಿದ್ದರು.

ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ದಾಯಾದಿಗಳು ಉಳಿದಿದ್ದಾರೆ. ಕುರಿ, ಮೇಕೆಗಳ ಹಿರೇಬೇನೆ, ಅಂದರೆ ಪಿಪಿಆರ್, ಭಾರತದಲ್ಲಿ ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. 2016-17ರಲ್ಲಿ ಮಂಗೋಲಿಯಾದಲ್ಲಿ ಅದು ಸಾಕುಪ್ರಾಣಿಗಳಿಂದ ಹರಡಿ ಸೈಗಾ ಜಿಂಕೆಗಳನ್ನು ಸಾವಿರಗಟ್ಟಲೆ ಕೊಂದಿತು. ಇನ್ನೊಂದು ದಾಯಾದಿ, ನಾಯಿಗಳ ಡಿಸ್ಟೆಂಪರ್, 2018ರಲ್ಲಿ ಗಿರ್ ಸಿಂಹಗಳಲ್ಲಿ ಕಾಣಿಸಿಕೊಂಡಿತು.

ಇಂದು ಯಲಹಂಕದ ‘ನಿವೇದಿ’ ಸಂಸ್ಥೆ ದೇಶದ ಪಶುರೋಗಗಳ ಜಾಡು ಹಿಡಿದು ಮುನ್ಸೂಚನೆ ಕೊಡುತ್ತದೆ. ಸೀರಂ ಇನ್‌ಸ್ಟಿಟ್ಯೂಟಿನ ಇಂದಿನ ರೂಪವಾದ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ಪಿಪಿಆರ್ ಲಸಿಕೆ ತಯಾರಾಗುತ್ತದೆ. ಇವೆರಡರ ಕೆಲಸ ಕಾಡಿಗೂ ಕಾವಲು. ಕಾಟಿಗಳನ್ನು ಅಟ್ಟಿಸಿಕೊಂಡು ಹೋಗಿ ಯಾರೂ ಸೂಜಿ ಚುಚ್ಚಲಿಲ್ಲ. ದನಗಳಿಗೆ ಲಸಿಕೆ ಬಿದ್ದ ಮೇಲೆ ಕಾಡಿನಲ್ಲೂ ದೊಡ್ಡರೋಗ ಅಡಗಿತು. ಪಿಪಿಆರ್ ನಿರ್ಮೂಲನೆಗೆ ಜಗತ್ತು 2030ರ ಗಡುವು ಹಾಕಿಕೊಂಡಿದೆ. ಬಂಡೀಪುರದ ಅಂಚಿನ ಹಟ್ಟಿಗಳಲ್ಲಿ ಒಂದು ಮರಿಯೂ ಲಸಿಕೆ ತಪ್ಪಿಸಿಕೊಳ್ಳದಂತೆ, ಒಂದು ನಾಯಿಯೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದೇ ವನ್ಯಜೀವಿಗಳಿಗೆ ನಾವು ಕೊಡಬಲ್ಲ ಗಟ್ಟಿ ರಕ್ಷಣೆ. ಅರಣ್ಯ ಇಲಾಖೆಯೂ ಪಶುಸಂಗೋಪನಾ ಇಲಾಖೆಯೂ ಅದನ್ನು ಜೊತೆಗೂಡಿ ಮಾಡಬೇಕು.