ಚಿಮ್ಮಂಡೆಯ ಲೆಕ್ಕ

ಅಮೆರಿಕದಲ್ಲಿ ಬೇಸಿಗೆ ಮುಗಿಯುವ ದಿನಗಳಲ್ಲಿ, ಕತ್ತಲಾದೊಡನೆ ಪೊದೆಗಳಿಂದ ತಿಳಿಹಸಿರು ಬಣ್ಣದ ಮರಚಿಮ್ಮಂಡೆ ಕೂಗತೊಡಗುತ್ತದೆ. ಕೂಗುವುದು ಗಂಡು ಮಾತ್ರ; ಅದೂ ಬಾಯಿಂದಲ್ಲ, ಒಂದು ರೆಕ್ಕೆಯ ಹಲ್ಲುಸಾಲಿಗೆ ಇನ್ನೊಂದು ರೆಕ್ಕೆಯ ಅಂಚನ್ನು ಉಜ್ಜಿ. ಸೆಕೆಯಿದ್ದರೆ ಕೂಗು ಚುರುಕು, ತಂಪಾದರೆ ನಿಧಾನ.

ಇದನ್ನು ಸೂತ್ರಕ್ಕಿಳಿಸಿದವರು ಬಾಸ್ಟನ್ ಬಳಿಯ ಟಫ್ಟ್ಸ್ ಕಾಲೇಜಿನ ಭೌತವಿಜ್ಞಾನಿ ಏಮಸ್ ಡಾಲ್ಬೇರ್. 1897ರಲ್ಲಿ ಪ್ರಕಟಿಸಿದ ಪುಟ್ಟ ಲೇಖನದಲ್ಲಿ ಅವರು ಕೊಟ್ಟ ಲೆಕ್ಕ ಇದು: 60 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ನಿಮಿಷಕ್ಕೆ 80 ಕೂಗು, 70 ಡಿಗ್ರಿಯಲ್ಲಿ 120. ಅಂದರೆ ಒಂದೊಂದು ಡಿಗ್ರಿಗೂ ನಾಲ್ಕು ಕೂಗು ಹೆಚ್ಚು. ಹೀಗೆ ಒಂದು ಅಳತೆ ಸಮನಾಗಿ ಏರಿದಾಗ ಇನ್ನೊಂದೂ ಸಮನಾಗಿ ಏರಿದರೆ ಆ ಸಂಬಂಧ ರೇಖಾತ್ಮಕ. ಗ್ರಾಫ್ ಹಾಳೆಯಲ್ಲಿ ಅದು ಸರಳರೇಖೆ.

ಇಂಥ ರೇಖೆಯನ್ನು ಹಿಡಿದಿಡಲು ಎರಡೇ ಸಂಖ್ಯೆ ಸಾಕು: ಏರಿಕೆಯ ದರ, ಮತ್ತು ಏರಿಕೆ ಶುರುವಾಗುವ ಜಾಗ. ಇಲ್ಲಿ ದರ 4, ಆರಂಭ 40 ಡಿಗ್ರಿ. ರೇಖೆಯನ್ನು ಹಿಂದಿನಿಂದಲೂ ಓದಬಹುದು: ಕೂಗು ಎಣಿಸಿ ಉಷ್ಣಾಂಶ ಹೇಳಬಹುದು. ನಿಮಿಷದ ಕೂಗನ್ನು ನಾಲ್ಕರಿಂದ ಭಾಗಿಸುವುದೆಂದರೆ 15 ಸೆಕೆಂಡು ಎಣಿಸುವುದು. ಅದಕ್ಕೆ 40 ಕೂಡಿಸಿದರೆ ಫ್ಯಾರನ್‌ಹೀಟ್ ಸಿಕ್ಕಿತು. ಸೆಲ್ಸಿಯಸ್ ಬೇಕಿದ್ದರೆ 8 ಸೆಕೆಂಡಿನ ಎಣಿಕೆಗೆ 5 ಕೂಡಿಸಿ. ಉತ್ತರ ಬಹಳ ಹತ್ತಿರ ಬರುತ್ತದೆ.

ಕೀಟಕ್ಕೆ ಈ ಲೆಕ್ಕ ಬಂದದ್ದೆಲ್ಲಿಂದ? ಅದರ ಮೈಬಿಸಿ ಸುತ್ತಲಿನ ಗಾಳಿಯಂತೆ ಏರಿಳಿಯುತ್ತದೆ. ಸ್ನಾಯುವನ್ನು ಕುಗ್ಗಿಸುವ ರಾಸಾಯನಿಕ ಕ್ರಿಯೆಗಳು ಬಿಸಿಯಲ್ಲಿ ಚುರುಕಾಗುತ್ತವೆ. ನಿಜ ಹೇಳಬೇಕೆಂದರೆ, ಆ ಕ್ರಿಯೆಗಳ ವೇಗ ಏರುವುದು ವಕ್ರರೇಖೆಯಲ್ಲಿ. ಆದರೆ ಚಿಮ್ಮಂಡೆ ಕೂಗುವ ಕಿರಿದಾದ ವ್ಯಾಪ್ತಿಯಲ್ಲಿ ಆ ವಕ್ರ ಬಹುಮಟ್ಟಿಗೆ ನೇರವಾಗಿಯೇ ಕಾಣುತ್ತದೆ.

ಆದ್ದರಿಂದಲೇ ಅಳೆದು ನೋಡಿದಷ್ಟು ದೂರ ಮಾತ್ರ ಸರಳರೇಖೆಯನ್ನು ನಂಬಬೇಕು. 40 ಡಿಗ್ರಿಗಿಂತ ಕೆಳಗೆ ಈ ಸೂತ್ರ ಕೊಡುವುದು ಸೊನ್ನೆಗಿಂತ ಕಡಿಮೆ ಕೂಗುಗಳನ್ನು! ಸೂತ್ರಕ್ಕೆ ಚಳಿ ಗೊತ್ತಿಲ್ಲ, ಚಿಮ್ಮಂಡೆಗೆ ಗೊತ್ತು, ಅದು ಸುಮ್ಮನಾಗಿಬಿಡುತ್ತದೆ.

ಜಾತಿ ಬದಲಾದರೆ ರೇಖೆಯೂ ಬದಲಾಗುತ್ತದೆ, ಹಾಗಾಗಿ ಡಾಲ್ಬೇರರ ಸಂಖ್ಯೆಗಳು ನಮ್ಮ ಹಿತ್ತಲಿಗೆ ಹೊಂದವು. ನಮ್ಮದನ್ನು ನಾವೇ ಕಂಡುಕೊಳ್ಳಬೇಕು. ಬಿಡಿಬಿಡಿಯಾಗಿ ಕೂಗುವ ಒಂದು ಜಾತಿಯನ್ನು ಆರಿಸಿ, ಬೇರೆಬೇರೆ ರಾತ್ರಿಗಳಲ್ಲಿ ಥರ್ಮಾಮೀಟರ್ ನೋಡುತ್ತ ಎಣಿಸಿ, ಚುಕ್ಕೆ ಇಡುತ್ತ ಹೋಗಿ. ಚುಕ್ಕೆಗಳು ಒಂದು ಗೆರೆಗೆ ಬಂದರೆ ಆ ಕೀಟದ ಸೂತ್ರ ನಿಮ್ಮದಾಯಿತು. ಅವು ಗೆರೆ ಬಿಟ್ಟು ಸರಿಯುವ ಕಡೆ ಅದರ ಮಿತಿಯೂ ತಿಳಿಯಿತು.