ಚಾಲಕನಿಗೂ ಒಂದು ಭಾನುವಾರ

ಸರ್ಕಾರಿ ಸೇವೆಯಲ್ಲಿದ್ದ ಮೂರು ದಶಕಗಳ ಕಾಲ ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಮಾತೊಂದಿತ್ತು: ‘ಸೋಮವಾರ ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಕಡತವೂ ಬಾಕಿ ಇರುವುದಿಲ್ಲ.’ ಅದು ನಿಜವೇ ಆಗಿತ್ತು, ಏಕೆಂದರೆ ಭಾನುವಾರಗಳನ್ನು ನಾನು ಕಚೇರಿಯಲ್ಲೇ ಕಳೆಯುತ್ತಿದ್ದೆ. ಪತ್ನಿ ಮಕ್ಕಳೊಂದಿಗೆ ಚರ್ಚಿಗೆ ಹೋಗುತ್ತಿದ್ದಳು. ನಾನು ಕ್ರಿಸ್ಮಸ್ ಮತ್ತು ಈಸ್ಟರ್ ದಿನಗಳಿಗಷ್ಟೇ ಕ್ರೈಸ್ತನಾಗಿದ್ದೆ.

ನಿವೃತ್ತಿಯ ದಿನ ಬೀಳ್ಕೊಡುಗೆ ಸಮಾರಂಭದಲ್ಲಿ ಎಲ್ಲರೂ ನನ್ನ ದುಡಿಮೆಯನ್ನು ಕೊಂಡಾಡಿದರು. ಸಂಜೆ ಮನೆಗೆ ಬಿಟ್ಟ ಕಾರಿನ ಚಾಲಕರು ಕೈಮುಗಿದು, ‘ಇನ್ನು ಮೇಲಾದ್ರೂ ಭಾನುವಾರ ರೆಸ್ಟ್ ತಗೊಳ್ಳಿ ಸಾರ್’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೂ ಆ ಮಾತು ಚುಚ್ಚಿತು. ಹನ್ನೊಂದು ವರ್ಷ ನಾನು ಕಳೆದುಕೊಂಡದ್ದು ನನ್ನ ಭಾನುವಾರಗಳನ್ನಷ್ಟೇ ಅಲ್ಲ; ಅವರ ಭಾನುವಾರಗಳನ್ನೂ ಕಿತ್ತುಕೊಂಡಿದ್ದೆ. ಅವರ ಮಕ್ಕಳ ಹೆಸರೂ ನನಗೆ ತಿಳಿದಿರಲಿಲ್ಲ.

ನಿವೃತ್ತಿಯ ಬಿಡುವಿನಲ್ಲಿ ಬೈಬಲನ್ನು ನಿಧಾನವಾಗಿ ಓದತೊಡಗಿದಾಗ, ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದ ಸಬ್ಬತ್ ದಿನದ ಆಜ್ಞೆ ಹೊಸದಾಗಿ ಕಂಡಿತು. ಯೆಹೂದ್ಯರ ಆ ಶನಿವಾರದ ಬದಲು ಕ್ರೈಸ್ತರು ಪುನರುತ್ಥಾನದ ದಿನವಾದ ಭಾನುವಾರವನ್ನು ಆಚರಿಸುತ್ತಾರೆ. ವಿಶ್ರಾಂತಿಯ ಆ ಆಜ್ಞೆ ಮನೆಯ ಯಜಮಾನನಿಗಷ್ಟೇ ಸೀಮಿತವಲ್ಲ. ಮಕ್ಕಳು, ಆಳುಕಾಳು, ದನಕರು, ಊರಿಗೆ ಬಂದ ಪರದೇಶಿ, ಎಲ್ಲರನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ವಿಮೋಚನಕಾಂಡವು ಅದಕ್ಕೆ ಸೃಷ್ಟಿಯ ಏಳನೆಯ ದಿನವನ್ನು ಆಧಾರವಾಗಿ ಕೊಟ್ಟರೆ, ಧರ್ಮೋಪದೇಶಕಾಂಡವು ಈಜಿಪ್ಟಿನ ಗುಲಾಮಗಿರಿಯನ್ನು ನೆನಪಿಸುತ್ತದೆ. ಬಿಡುವಿಲ್ಲದೆ ದುಡಿದು ನೊಂದವರು ಅದೇ ನೋವನ್ನು ಮತ್ತೊಬ್ಬರ ಮೇಲೆ ಹೇರಬಾರದು ಎಂಬುದು ಅದರ ತಾತ್ಪರ್ಯ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತದ್ದು ಬೇರೆ. ವಿರಾಮಕ್ಕೂ ಬೆಲೆಯಿದೆ, ಆ ಹೊತ್ತಿನಲ್ಲಿ ಗಳಿಸಬಹುದಾಗಿದ್ದ ಕೂಲಿಯೇ ಅದರ ಬೆಲೆ ಎಂದು ಪಠ್ಯಪುಸ್ತಕ ಹೇಳುತ್ತಿತ್ತು. ನೂರು ವರ್ಷಗಳ ನಂತರ ವಾರಕ್ಕೆ 15 ಗಂಟೆಗಳ ದುಡಿಮೆ ಸಾಕಾದೀತು ಎಂದು ಕೇನ್ಸ್ 1930ರಲ್ಲಿ ಊಹಿಸಿದ್ದರು. ಆ ಗಡುವು ಹತ್ತಿರ ಬಂದಿದೆ. ಆದರೆ 2023ರಲ್ಲಿ ನಮ್ಮ ಉದ್ಯಮಿಯೊಬ್ಬರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಸಂಪತ್ತು ಹೆಚ್ಚಿದ ಮಾತ್ರಕ್ಕೆ ಬಿಡುವು ಬರುವುದಿಲ್ಲ. ‘ಇಷ್ಟು ಸಾಕು’ ಎನ್ನುವ ಮನಸ್ಸೂ ಬೇಕು.

ವಾರದ ರಜೆ ಬ್ರಿಟಿಷರ ಚರ್ಚಿನ ಕೊಡುಗೆಯೆಂದು ಅನೇಕರು ಭಾವಿಸಿದ್ದಾರೆ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಅದನ್ನು ದೊರಕಿಸಿದ್ದು ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟ. ಮಾಲೀಕರು ಒಪ್ಪಿದ್ದು 1890ರಲ್ಲಿ. ಭಾನುವಾರವು ಖಂಡೋಬನ, ಅಂದರೆ ನಮ್ಮ ಮೈಲಾರಲಿಂಗನ, ದಿನವೆಂಬುದೂ ಆಗ ಮುಂದಿಟ್ಟ ವಾದಗಳಲ್ಲಿ ಒಂದು. ವಿಶ್ರಾಂತಿಯ ಹಂಬಲಕ್ಕೆ ಮತಭೇದವಿಲ್ಲ.

ಈಗ ಬೆಳಿಗ್ಗೆ ಪತ್ರಿಕೆ ತೆರೆಯುವ ಮೊದಲು ಅರ್ಧ ಗಂಟೆ ಪ್ರಾರ್ಥನೆಗೆ ಕುಳಿತುಕೊಳ್ಳುತ್ತೇನೆ. ಭಾನುವಾರ ಮೊಬೈಲು ಸಂಜೆಯವರೆಗೂ ಬೀರುವಿನಲ್ಲಿರುತ್ತದೆ. ಪತ್ನಿಯೊಡನೆ ಚರ್ಚಿಗೆ ನಡೆದೇ ಹೋಗುತ್ತೇನೆ. ಮೊದಮೊದಲು ಚಡಪಡಿಕೆಯಾಗುತ್ತಿತ್ತು. ಬಿರುಗಾಳಿಯಲ್ಲಿ ದೋಣಿ ಹೊಯ್ದಾಡುತ್ತಿದ್ದಾಗ ಶಿಷ್ಯರು ಗಾಬರಿಗೊಂಡಿದ್ದರೂ ಯೇಸು ನಿದ್ರಿಸುತ್ತಿದ್ದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ನನ್ನ ಚಡಪಡಿಕೆಯ ಮೂಲ ಅಲ್ಲಿ ತಿಳಿಯಿತು. ನಾನಿಲ್ಲದೆ ಯಾವುದೂ ನಡೆಯದು ಎಂಬ ಭ್ರಮೆ ಅದು. ಲೋಕವನ್ನು ಹಿಡಿದಿರುವ ಕೈ ಬೇರೆಯದು ಎಂಬ ನಂಬಿಕೆಯಿಲ್ಲದೆ ವಿಶ್ರಾಂತಿ ಸಾಧ್ಯವಿಲ್ಲ.

ನಮ್ಮ ಮನೆಗೆಲಸದವರಿಗೆ ಭಾನುವಾರ ಸಂಬಳ ಸಹಿತ ರಜೆ. ಅಂದು ಹೋಟೆಲಿನಿಂದ ಊಟ ತರಿಸುವುದಿಲ್ಲ. ‘ಅದರಿಂದ ಆ ಹುಡುಗನ ಸಂಪಾದನೆಗೇ ಕಲ್ಲು ಹಾಕಿದಂತಾಗುತ್ತದೆ’ ಎಂದು ನೆರೆಯವರೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಸತ್ಯವಿದೆ. ಪಿಂಚಣಿದಾರನಿಗೆ ಬಿಡುವು ಸುಲಭ. ದಿನಗೂಲಿಯವನಿಗೆ ರಜೆಯೆಂದರೆ ಅರೆಹೊಟ್ಟೆ. ಕೂಲಿ ಕಡಿತವಾಗದ ರಜೆಯೇ ನಿಜವಾದ ವಿಶ್ರಾಂತಿ. ಅದು ನನ್ನೊಬ್ಬನ ಭಕ್ತಿಯಿಂದ ಆಗುವಂಥದ್ದಲ್ಲ, ಕಾನೂನೂ ಕೈಜೋಡಿಸಬೇಕು.

ಕಳೆದ ತಿಂಗಳು ಆ ಚಾಲಕರ ಮನೆಗೆ ಹೋಗಿದ್ದೆ. ಅವರೂ ನಿವೃತ್ತರು. ಮಗಳಿಗೆ ಮದುವೆಯಾಗಿದೆ, ಮಗ ದೂರದ ಊರಿನಲ್ಲಿದ್ದಾನೆ. ನಾನು ಕ್ಷಮೆ ಕೇಳಿದಾಗ ಅವರು ನಕ್ಕು, ‘ಬಿಡಿ ಸಾರ್, ಡ್ಯೂಟಿ ಅಲ್ವಾ’ ಎಂದರು. ಕಾಫಿ ತಂದಿಟ್ಟ ಅವರ ಪತ್ನಿ ನಗಲಿಲ್ಲ. ಮಕ್ಕಳು ಚಿಕ್ಕವರಿದ್ದಾಗಿನ ಭಾನುವಾರಗಳನ್ನು ಹಿಂದಿರುಗಿಸುವ ಆದೇಶವನ್ನು ಯಾವ ಅಧಿಕಾರಿಯೂ ಹೊರಡಿಸಲಾರ.